ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಅಟ್ಟದಿಂದಿಳಿದ ಅಕಾರ್ಡಿಯನ್

ಮಳೆ ಬಿಟ್ಟು ಅಟ್ಟ ಗುಡಿಸುವ ಹೊತ್ತು ಇದು. ಅದಕ್ಕೇ ಇರಬೇಕು, ಈ ಸಲ ಕಾಸರಗೋಡು ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತಿದಿ (ಹಿಗ್ಗಿಸಿ ಕುಗ್ಗಿಸಿ ಗಾಳಿ ಊದುವ ಮಡಿಕೆಯ ಚೀಲ) ಇರುವ ವಾದ್ಯಗಳ ಬಗ್ಗೆಯೇ ಇವೆ. ಒಂದೇ ವಿಷಯ ಕೇಳಿದವರಿಗೆ ಒಟ್ಟಿಗೇ ಉತ್ತರಿಸಿದ್ದೇವೆ.

ಬದಿಯಡ್ಕದಿಂದ: ಅಟ್ಟದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಿದ್ದಿದ್ದ ಜರ್ಮನ್ ಅಕಾರ್ಡಿಯನ್ ಇಳಿಸಿದ್ದೇವೆ. ಬಲಗೈಗೆ 41 ಮನೆ (ಬೆರಳಿನಿಂದ ಒತ್ತುವ ಪಟ್ಟಿ), ಎಡಗೈಗೆ 120 ಬೇಸ್ ಗುಂಡಿ. ತಿದಿಯ ಮಡಿಕೆಗಳಲ್ಲೆಲ್ಲ ಬಿಳಿ ಬೂಷ್ಟು. ಎಳೆದರೆ ಬಿಚ್ಚಿಕೊಳ್ಳುವುದಿಲ್ಲ. ಒಂದು ದಿನ ಬಿಸಿಲಿಗೆ ಹಾಕಿದರೆ ಸರಿಯಾದೀತೇ?

ಬಿಸಿಲಿಗೆ ಹಾಕಬೇಡಿ, ಎಳೆಯಲೂ ಬೇಡಿ. ಅಕಾರ್ಡಿಯನ್ನಿನ ಒಳಗೆ ರೀಡುಗಳನ್ನು (ಸ್ವರ ಹೊರಡಿಸುವ ಲೋಹದ ನಾಲಿಗೆ ಕೂರಿಸಿದ ತಗಡುಗಳನ್ನು) ಮರಕ್ಕೆ ಕೂರಿಸಿರುವುದು ಜೇನುಮೇಣದಲ್ಲಿ. ಶುದ್ಧ ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ ಅದಕ್ಕೆ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಕಪ್ಪು ಬಣ್ಣದ ಪೆಟ್ಟಿಗೆಯನ್ನು ಅಂಗಳದ ಬಿಸಿಲಲ್ಲಿ ಅಡಕೆಯಂತೆ ಹರವಿದರೆ ರೀಡುಗಳು ಜಾರಿ ಒಳಗೆ ಬಿದ್ದಿರುತ್ತವೆ. ಬಿಸಿಲು ಕಾಣಿಸಬೇಕಾದ್ದು ಅದರ ಖಾಲಿ ಕವಚಪೆಟ್ಟಿಗೆಗೆ. ಅದರ ಮಾತು ಮುಂದೆ ಬರುತ್ತದೆ.

ಮೊದಲು ವಾದ್ಯವನ್ನು ಕವಚಪೆಟ್ಟಿಗೆಯಿಂದ ಬೇರೆ ಮಾಡಿ. ಎರಡನ್ನೂ ಒಂದೇ ಕೋಣೆಯಲ್ಲಿ ಇಡಬೇಡಿ. ಎನ್95 ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಒಣಗಿದ ಮೆತ್ತನೆಯ ಪೈಂಟ್ ಬ್ರಷ್‌ನಿಂದ ಮೇಲ್ಮೈಯ ಬೂಷ್ಟನ್ನು ಉದುರಿಸಿ. ಒದ್ದೆ ಬಟ್ಟೆಯನ್ನು ತಿದಿಗೆ ಸೋಕಿಸಬಾರದು. ತಿದಿಯೆಂದರೆ ರಟ್ಟು, ಬಟ್ಟೆ, ಚರ್ಮ, ಅಂಟು ಇಷ್ಟೇ. ನೀರು ಕುಡಿದ ರಟ್ಟು ಮಡಿಕೆ ಹಿಡಿಯುವುದನ್ನೇ ಮರೆತುಬಿಡುತ್ತದೆ. ಆಮೇಲೆ ಅದನ್ನು ಗಾಳಿಯಾಡುವ ಚಾವಡಿಯಲ್ಲಿ, ನೆರಳಿನಲ್ಲಿ, ನುಡಿಸುವಾಗ ನಿಲ್ಲುವ ರೀತಿಯಲ್ಲೇ ಅದರ ಗುಬುಟುಕಾಲುಗಳ ಮೇಲೆ ನಿಲ್ಲಿಸಿ, ಫ್ಯಾನ್ ಹಾಕಿ ಏಳರಿಂದ ಹತ್ತು ದಿನ ಬಿಡಿ. ಮಳೆಗಾಲದಲ್ಲಾದರೆ ಈ ಹತ್ತು ದಿನ ದಂಡ, ಹೊರಗಿನ ಗಾಳಿಯೇ ಒದ್ದೆ ಇರುತ್ತದೆ. ಡಿಸೆಂಬರಿನಿಂದ ಫೆಬ್ರವರಿ ಒಳಗೆ ಮಾಡಿದ ಕೆಲಸ ನಿಲ್ಲುತ್ತದೆ.

ಒಣಗಿದ ಮೇಲೆ ತಿದಿಯ ಎರಡೂ ಪಟ್ಟಿ ಬಿಚ್ಚಿ, ಎಡಗೈಯ ಬದಿಯ ಗಾಳಿಗುಂಡಿಯನ್ನು ಒತ್ತಿಹಿಡಿದು ಒಂದು ಬೆರಳಗಲ ಮಾತ್ರ ತೆರೆಯಿರಿ. ಅಂಟಿಕೊಂಡ ಮಡಿಕೆಯ ನಡುವೆ ತೆಳುವಾದ ರಟ್ಟಿನ ಚೂರು ತೂರಿಸಿ ಬಿಡಿಸುತ್ತ ಬನ್ನಿ. ಒಂದು ಮಡಿಕೆಗೆ ಐದು ನಿಮಿಷವಾದರೂ ಆಗಲಿ. ಗಾಳಿಗುಂಡಿಯೇ ಕಚ್ಚಿಕೊಂಡಿದ್ದರೆ ಬಲಗೈಯ ನಾಲ್ಕೈದು ಮನೆಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ, ಗಾಳಿಗೆ ಒಂದು ದಾರಿ ಬೇಕು ಅಷ್ಟೇ. ಗುಂಡಿ ಒತ್ತದೆ ಎಳೆದರೆ ಒಳಗೆ ಗಾಳಿಯ ಸೆಳೆತ ಹುಟ್ಟಿ, ಹಳೆಯ ಮೂಲೆಚರ್ಮ ಅಲ್ಲಿಯೇ ಹರಿಯುತ್ತದೆ.

ತಿದಿ ಬಿಚ್ಚಿತೇ, ಸೋರಿಕೆ ನೋಡಿ. ಮನೆಗಳಿರುವ ಬದಿಯನ್ನು ಎತ್ತಿ ಹಿಡಿದು, ಯಾವ ಗುಂಡಿಯನ್ನೂ ಒತ್ತದೆ, ಬೇಸ್ ಬದಿಯನ್ನು ಅದರದೇ ಭಾರಕ್ಕೆ ಕೆಳಗೆ ಇಳಿಯಲು ಬಿಡಿ (ಇನ್ನೊಬ್ಬರು ಕೆಳಗೆ ಕೈ ಒಡ್ಡಿ ನಿಂತಿರಲಿ, ಇಡೀ ವಾದ್ಯ 10 ಕಿಲೋ ಮೇಲೆಯೇ ತೂಗುತ್ತದೆ). ಇಳಿಯುತ್ತಿದೆಯೋ ಇಲ್ಲವೋ ಎಂಬಷ್ಟು ನಿಧಾನವಾದರೆ ತಿದಿ ಗಟ್ಟಿ. ಮೂರು ನಾಲ್ಕು ಸೆಕೆಂಡಿನಲ್ಲಿ ಪೂರ್ತಿ ಬಿದ್ದರೆ ಎಲ್ಲೋ ತೂತಿದೆ. ಹುಡುಕಲು ಊದುಬತ್ತಿಯ ಹೊಗೆ ಹಿಡಿಯುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಮೇಲಿನ ಮುತ್ತಿನಂಥ ಹೊಳಪಿನ ಹೊದಿಕೆ ಸೆಲ್ಯುಲಾಯ್ಡ್ ಆಗಿದ್ದರೆ ಕಿಡಿ ತಾಗಿದ ಕ್ಷಣ ಹೊತ್ತಿಕೊಳ್ಳುತ್ತದೆ. ಅದು ಸೆಲ್ಯುಲಾಯ್ಡೇ ಎಂದು ತಿಳಿಯಲು ಬೆರಳಿನಿಂದ ಗಟ್ಟಿಯಾಗಿ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬರುತ್ತದೆ. ಕರ್ಪೂರ ಬೆರೆಸಿಯೇ ಅದನ್ನು ಮಾಡುವುದು. ಹೊದಿಕೆಯನ್ನು ಸೋಪುನೀರಿನಲ್ಲಿ ಅದ್ದಿ ಪೂರ್ತಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಥಿನ್ನರ್, ಅಸಿಟೋನ್, ಸ್ಪಿರಿಟ್ ತಾಗಿದರೆ ಮುಖವೇ ಕರಗಿ ಹೋಗುತ್ತದೆ.

ಸೋರಿಕೆ ಹುಡುಕುವ ಸರಿಯಾದ ದಾರಿ ತಿದಿಯನ್ನು ಬಿಚ್ಚಿ, ಕತ್ತಲೆ ಕೋಣೆಯಲ್ಲಿ ಒಳಗೆ ಎಲ್‌ಇಡಿ ಟಾರ್ಚ್ ಇಟ್ಟು ನೋಡುವುದು. ತೂತಿದ್ದಲ್ಲಿ ಚುಕ್ಕಿ ಮಿನುಗುತ್ತದೆ. ಬಿಚ್ಚುವುದೆಂದರೆ ತಿದಿಯ ಚೌಕಟ್ಟಿನ ಸುತ್ತ ಬಡಿದ ಪಿನ್ನುಗಳನ್ನು ಕೀಳುವುದು. ಇಕ್ಕಳದ ಬಾಯಿಗೆ ಚರ್ಮದ ಚೂರು ಸುತ್ತಿ, ತಿರುಗಿಸುತ್ತ ನೇರಕ್ಕೆ ಎಳೆಯಿರಿ. ಪಿನ್ನುಗಳ ಉದ್ದ ಒಂದೇ ಇರುವುದಿಲ್ಲ, ಒಂದರ ಗೂಡಿಗೆ ಇನ್ನೊಂದು ಹೊಂದುವುದೂ ಇಲ್ಲ. ಆದ್ದರಿಂದ ಥರ್ಮೋಕೋಲ್ ಹಲಗೆಯ ಮೇಲೆ ವಾದ್ಯದ ಚೌಕ ಬರೆದು, ಕಿತ್ತ ಪಿನ್ನನ್ನು ಅದೇ ಜಾಗದಲ್ಲಿ ಚುಚ್ಚಿಡಿ. ತಿದಿಯ ಯಾವ ಮುಖ ಮುಂದಕ್ಕೆ, ಯಾವುದು ಬಲಕ್ಕೆ ಎಂದು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಿ. ತಿರುಗುಮುರುಗಾಗಿ ಕೂರಿಸಿದರೆ ಕೂತಂತೆ ಕಾಣುತ್ತದೆ, ಆದರೆ ಸುತ್ತಲೂ ಸೋರುತ್ತದೆ.

ತೇಪೆಗೆ ತೆಳುವಾಗಿ ಹೆರೆದ ಆಡಿನ ಚರ್ಮ ಮತ್ತು ಮರಕ್ಕೆ ಹಾಕುವ ಬಿಳಿ ಅಂಟು ಬೇಕು. ಮಡಿಕೆಯ ಅಂಚಿಗೆ ಪುಸ್ತಕ ಬೈಂಡು ಮಾಡುವವರ ಕ್ಯಾಲಿಕೋ ಬಟ್ಟೆಯ 20 ಮಿಲಿಮೀಟರ್ ಪಟ್ಟಿ ಆಗುತ್ತದೆ. ಸೆಲ್ಲೋಟೇಪು, ಎಂ-ಸೀಲ್ ಎರಡೂ ಬೇಡ. ಒಂದು ಒಣಗಿ ಬಿಡುತ್ತದೆ, ಇನ್ನೊಂದು ಕಲ್ಲಾಗಿ ಪಕ್ಕದ ರಟ್ಟನ್ನೇ ಸೀಳುತ್ತದೆ. ತಿದಿ ಮತ್ತು ಪೆಟ್ಟಿಗೆ ಕೂಡುವ ಅಂಚಿನಲ್ಲಿ ಸ್ಪಂಜಿನ ಪಟ್ಟಿ ಇದ್ದು ಅದು ಜಿಗುಟಾಗಿದ್ದರೆ ಪೂರ್ತಿ ಕೆರೆದು 2 ಮಿಲಿಮೀಟರಿನ ಮೆದು ಚರ್ಮ ಅಂಟಿಸಿ. ಎಷ್ಟೋ ಸಲ ತಿದಿಯನ್ನು ದೂರುತ್ತೇವೆ, ಸೋರುವುದು ಈ ಅಂಚು.

ಕುಂಬಳೆಯಿಂದ: ಅಕಾರ್ಡಿಯನ್ ಬಿಚ್ಚಿ ನೋಡಿದೆ. ಕೆಲವು ಮನೆ ಎಳೆದಾಗ ಮಾತ್ರ ನುಡಿಯುತ್ತದೆ, ತಳ್ಳಿದಾಗ ಇಲ್ಲ. ಕೆಲವು ತಡವಾಗಿ, ಪಟಪಟ ಸದ್ದು ಮಾಡಿಕೊಂಡು ಬರುತ್ತವೆ. ರೀಡಿನ ಸುತ್ತ ಕಂದು ಬಣ್ಣದ ಪುಡಿ ಉದುರುತ್ತಿದೆ. ಬಾಯಿಂದ ಊದಿದರೆ ಕೆಲವು ಸರಿಯಾಗುತ್ತವೆ.

ಊದುವುದನ್ನು ಇವತ್ತೇ ನಿಲ್ಲಿಸಿ. ನಾಲಿಗೆಗಳು ಉಕ್ಕಿನವು. ಉಸಿರಿನ ಪಸೆ ಕೂತಲ್ಲಿ ವಾರದೊಳಗೆ ತುಕ್ಕು. ಬೆರಳಿನ ಬೆವರೂ ಅಷ್ಟೇ, ಅದರಲ್ಲಿ ಉಪ್ಪಿದೆ. ಹಾರ್ಮೋನಿಯಂನಲ್ಲಿ ಹಿತ್ತಾಳೆ ರೀಡು ಇರುವುದರಿಂದ ಊದಿದರೂ ನಡೆದೀತು ಎಂಬ ರೂಢಿ ಇಲ್ಲಿಗೆ ಬಂದಂತಿದೆ. ಕ್ಯಾಮರಾಕ್ಕೆ ಬಳಸುವ ರಬ್ಬರಿನ ಊದುಬುಗ್ಗೆ ತನ್ನಿ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇದೆ. ಒಂದು ಅಲ್ಯೂಮಿನಿಯಂ ತಗಡಿಗೆ ಎರಡು ನಾಲಿಗೆ, ಈ ಬದಿಗೊಂದು ಆ ಬದಿಗೊಂದು. ಒಂದು ತಳ್ಳುವ ಗಾಳಿಗೆ, ಇನ್ನೊಂದು ಎಳೆಯುವ ಗಾಳಿಗೆ ನುಡಿಯುತ್ತದೆ. ಒಂದು ದಿಕ್ಕಿನಲ್ಲಿ ಮಾತ್ರ ಮೂಕವಾದರೆ ಆ ನಾಲಿಗೆಯ ಕಂಡಿಯಲ್ಲಿ ಕಸ ಸಿಕ್ಕಿದೆ, ಇಲ್ಲವೇ ನಾಲಿಗೆ ತುಂಡಾಗಿದೆ. ತುಂಡಾಗಿದ್ದರೆ ತಗಡನ್ನೇ ಬದಲಿಸಬೇಕು. ಕಸವಾದರೆ ನಾಲಿಗೆಯ ತುದಿಯನ್ನು ತೆಳು ಉಕ್ಕಿನ ಎಲೆಯಿಂದ (0.05 ಮಿಲಿಮೀಟರ್ ಫೀಲರ್ ಗೇಜ್, ಬೈಕ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ) ಒಂದಿಷ್ಟು ಎತ್ತಿ, ಬದಿಯ ಸಂದಿನಲ್ಲಿ ಅದೇ ಎಲೆಯನ್ನು ಒಮ್ಮೆ ಓಡಿಸಿ. ಎತ್ತುವುದು ಹೆಚ್ಚಾದರೆ ನಾಲಿಗೆ ಸೊಟ್ಟಗಾಗಿ ನಿಲ್ಲುತ್ತದೆ. ಸುಮ್ಮನಿರುವಾಗ ತುದಿ ತಗಡಿನಿಂದ ಹೆಚ್ಚುಕಡಿಮೆ ತನ್ನದೇ ದಪ್ಪದಷ್ಟು ಮೇಲೆ ಇರಬೇಕು. ಇನ್ನೂ ಮೇಲಿದ್ದರೆ ನುಡಿಯಲು ತಡ, ತಗಡಿಗೆ ಒರಗಿಕೊಂಡಿದ್ದರೆ ಜೋರಾಗಿ ಎಳೆದಾಗ ಉಸಿರುಗಟ್ಟಿ ನಿಲ್ಲುತ್ತದೆ.

ಪಟಪಟ ಸದ್ದು ಚರ್ಮದ ಪಟ್ಟಿಯದು. ನುಡಿಯದ ನಾಲಿಗೆಯ ಕಂಡಿಯನ್ನು ಮುಚ್ಚುವ ಈ ಪಟ್ಟಿ ಹಳೆಯದಾಗಿ ಹಪ್ಪಳದಂತೆ ಸುರುಳಿಕೊಂಡರೆ ಗಾಳಿ ಅಲ್ಲಿಂದ ಪೋಲಾಗುತ್ತದೆ, ಮತ್ತೆ ತಡವಾಗಿ ಬಡಿದುಕೊಂಡು ಮುಚ್ಚುತ್ತದೆ. ಸ್ವಲ್ಪ ಬಾಗಿದ್ದನ್ನು ಎರಡು ಬೆರಳಿನ ನಡುವೆ ನಯವಾಗಿ ಎಳೆದು ನೇರ ಮಾಡಬಹುದು. ಗರಿಗರಿಯಾದದ್ದನ್ನು ಕೆರೆದು ತೆಗೆಯಿರಿ. ಹೊಸದನ್ನು ಅದೇ ಉದ್ದ, ಅದೇ ಅಗಲಕ್ಕೆ ಕತ್ತರಿಸಿ. ಅಂಟು ರಿವೆಟ್ಟಿನ (ನಾಲಿಗೆಯ ಬುಡವನ್ನು ತಗಡಿಗೆ ಕಚ್ಚಿಸಿದ ಮೊಳೆ) ಕಡೆಯ 5 ಮಿಲಿಮೀಟರಿಗೆ ಮಾತ್ರ. ಮೇಲಿನ ತಾರಸ್ವರದ ಸಣ್ಣ ರೀಡುಗಳಿಗೆ ಪಟ್ಟಿಯೇ ಇರುವುದಿಲ್ಲ, ಬಿದ್ದುಹೋಯಿತೆಂದು ತಿಳಿದು ಹೊಸದಾಗಿ ಅಂಟಿಸಿದರೆ ಅವು ಮೂಕವಾಗುತ್ತವೆ.

ಮೂರನೆಯದು ದೊಡ್ಡ ಕಾಯಿಲೆ. ಕಂದು ಪುಡಿ ಎಂದರೆ ಮೇಣ ಸತ್ತಿದೆ. ಉಗುರಿನಿಂದ ಒತ್ತಿ ನೋಡಿ. ಜೀವವಿರುವ ಮೇಣದಲ್ಲಿ ಉಗುರಿನ ಗುರುತು ಬೀಳುತ್ತದೆ, ಸತ್ತದ್ದು ಹಳೆ ಬೆಲ್ಲದಂತೆ ಪುಡಿಯಾಗುತ್ತದೆ. ಮೇಣ ಬಿಟ್ಟ ತಗಡು ಅಲ್ಲಾಡಿ ಗುರ್ರೆನ್ನುತ್ತದೆ, ಶ್ರುತಿಯೂ ಜಾರುತ್ತದೆ. ಒಂದೆರಡು ರೀಡಿಗೆ ಬಿಸಿ ಮೇಣ ತಾಗಿಸಿ ಸುಧಾರಿಸುವುದು ಆ ವಾರಕ್ಕೆ ಮಾತ್ರ. ಒಂದು ಬ್ಲಾಕಿನ (ರೀಡುಗಳ ಸಾಲು ಕೂರಿಸಿದ ಮರದ ಪಟ್ಟಿ) ಮೇಣ ಸತ್ತಿದ್ದರೆ ಉಳಿದವುಗಳದ್ದೂ ಅದೇ ವಯಸ್ಸು. ಲೆಕ್ಕ ಮೊದಲೇ ತಿಳಿದಿರಲಿ. ಬಲಗೈಗೆ ನಾಲ್ಕು ಸಾಲು ರೀಡಿನ ವಾದ್ಯವಾದರೆ 41 ಮನೆಗೆ 164 ತಗಡು, ಬೇಸಿನಲ್ಲಿ ಐದು ಸಾಲಿದ್ದರೆ 12 ಸ್ವರಕ್ಕೆ 60. ಒಟ್ಟು 224 ತಗಡು, 448 ನಾಲಿಗೆ. ಸಂಜೆಗೆ ಒಂದು ಗಂಟೆಯಂತೆ ಕೂತರೆ ಎರಡು ಮೂರು ತಿಂಗಳ ಕೆಲಸ.

ಒಂದು ಸಲಕ್ಕೆ ಒಂದೇ ಬ್ಲಾಕ್ ಬಿಚ್ಚಿ. ತೆಗೆಯುವ ಮೊದಲು ಪ್ರತಿ ತಗಡಿನ ಮೇಲೂ ಪೆನ್ಸಿಲಿನ ಸಂಖ್ಯೆ, ಬ್ಲಾಕಿನ ಗೂಡಿಗೂ ಅದೇ ಸಂಖ್ಯೆ, ಹೊರಮುಖ ಯಾವುದೆಂಬ ಗುರುತು. ಮೇಣವನ್ನು ಚೂಪು ಚೂರಿಯಿಂದ ಗೆರೆ ಹಾಕಿ ಸಡಿಲಿಸಿ ಎತ್ತಿ. ಮರಕ್ಕೂ ತಗಡಿಗೂ ಅಂಟಿದ ಹಳೆ ಮೇಣ ಒಂದು ಚೂರೂ ಉಳಿಯಬಾರದು, ಹೊಸದು ಅದರ ಮೇಲೆ ಕಚ್ಚುವುದಿಲ್ಲ. ಹೊಸ ಮೇಣಕ್ಕೆ ತೂಕದಲ್ಲಿ ಜೇನುಮೇಣ 3 ಭಾಗ, ರಾಳ 1 ಭಾಗ. 150 ಗ್ರಾಂ ಮತ್ತು 50 ಗ್ರಾಂನಿಂದ ಶುರು ಮಾಡಿ. ಬರೀ ಮೇಣ ಬಿಸಿಗೆ ಹರಿಯುತ್ತದೆ, ರಾಳ ಹೆಚ್ಚಾದರೆ ಬಿರಿಯುತ್ತದೆ. ಜೇನುಮೇಣಕ್ಕೆ ನಮ್ಮ ಊರುಗಳಲ್ಲಿ ಬರವಿಲ್ಲ, ಜೇನು ಸಾಕುವವರ ಮನೆಯಲ್ಲೇ ಸಿಗುತ್ತದೆ. ರಾಳ ಎಂದರೆ ಪೈನ್ ಮರದ ರೋಸಿನ್. ಧೂಪದ ಮರದ್ದು, ಹಾಲುಮಡ್ಡಿ ಇವು ಆಗುವುದಿಲ್ಲ. ರಾಳವನ್ನು ಪುಡಿಮಾಡಿ ಮೇಣದ ಡಬ್ಬಕ್ಕೆ ಹಾಕಿ, ಡಬ್ಬವನ್ನು ಕುದಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ನೇರ ಬೆಂಕಿಗೆ ಇಟ್ಟರೆ ಮೇಣ ಸುಟ್ಟು ಗಡಸಾಗುತ್ತದೆ, ಹೊತ್ತಿಕೊಂಡರೂ ಆಶ್ಚರ್ಯವಿಲ್ಲ.

ಹೊಯ್ಯುವಾಗ ಹದ ಮುಖ್ಯ. ಆರಿದ ಮೇಣ ತಗಡಿನ ಅಂಚಿನಲ್ಲಿ ಹಗ್ಗದಂತೆ ಕೂತು ಮರುದಿನ ಎದ್ದುಬರುತ್ತದೆ. ತೀರಾ ಕಾದದ್ದು ತಗಡಿನ ಅಡಿಗೆ ನುಗ್ಗಿ ನಾಲಿಗೆಯನ್ನೇ ಹಿಡಿದುಬಿಡುತ್ತದೆ. ಎಣ್ಣೆಯಂತೆ ಹರಿದು, ಮರ ಮುಟ್ಟಿದ ಕೂಡಲೇ ಮಂಕಾಗಬೇಕು. ಹಳೆಯ ಚಹಾ ಚಮಚದ ತುದಿಯನ್ನು ಇಕ್ಕಳದಿಂದ ಕೊಕ್ಕಿನಂತೆ ಮಡಚಿದರೆ ಒಳ್ಳೆಯ ಹುಟ್ಟು ಆಯಿತು.

ತುಕ್ಕು ಇದ್ದರೆ ನಾಲಿಗೆಯ ಅಡಿಗೆ ಫೀಲರ್ ಎಲೆ ಇಟ್ಟು, ಗ್ಲಾಸ್‌ಫೈಬರ್ ಪೆನ್ನಿನಿಂದ (ತುದಿಯಲ್ಲಿ ಗಾಜಿನ ನಾರಿನ ಕುಂಚವಿರುವ ಪೆನ್ನು) ರಿವೆಟ್ಟಿನಿಂದ ತುದಿಯ ಕಡೆಗೆ ಮಾತ್ರ ಉಜ್ಜಿ. ಉಪ್ಪುಕಾಗದ ಬೇಡ. ತುದಿಯಲ್ಲಿ ಲೋಹ ಕಳೆದರೆ ಶ್ರುತಿ ಏರುತ್ತದೆ, ಬುಡದಲ್ಲಿ ಕಳೆದರೆ ಇಳಿಯುತ್ತದೆ. ಶ್ರುತಿ ಮಾಡುವವರು ಉದ್ದೇಶಪೂರ್ವಕ ಮಾಡುವುದೂ ಇದನ್ನೇ, ಆದರೆ ಕೂದಲೆಳೆಯಷ್ಟು. ಈ ಕೊನೆಯ ಶ್ರುತಿಯ ಕೆಲಸವನ್ನು ಬಲ್ಲ ರಿಪೇರಿಯವರಿಗೆ ಬಿಡುವುದೇ ಜಾಣತನ. ಮೊಬೈಲಿನ ಟ್ಯೂನರ್ ನೋಡಿಕೊಂಡು ಮೇಜಿನ ಮೇಲೆ ಸರಿಮಾಡಿದ ರೀಡು ಪೆಟ್ಟಿಗೆಯೊಳಗೆ ಕೂತಾಗ ಬೇರೆಯೇ ನುಡಿಯುತ್ತದೆ.

ಬೇಸ್ ಬದಿಯ ಗುಂಡಿಗಳ ಕಂಬಿಜಾಲವನ್ನು ಮಾತ್ರ ಮುಟ್ಟಬೇಡಿ. ಅದನ್ನು ಬಿಚ್ಚಿದವರಲ್ಲಿ ಬಹಳ ಮಂದಿ ಗೋಣಿಯಲ್ಲಿ ತುಂಬಿಕೊಂಡು ರಿಪೇರಿಗೆ ಹೋಗುತ್ತಾರೆ. ಗುಂಡಿ ಕಚ್ಚಿದೆಯೆಂದು ಎಣ್ಣೆ ಬಿಡುವುದೂ ಬೇಡ, ಎಣ್ಣೆ ಧೂಳು ಹಿಡಿದು ಗೋಂದಾಗುತ್ತದೆ, ಹರಿದು ಚರ್ಮಕ್ಕೂ ಇಳಿಯುತ್ತದೆ.

ಮಂಜೇಶ್ವರ ಮತ್ತು ಉಪ್ಪಳದಿಂದ: ವಾದ್ಯ ಸರಿಯಾಯಿತು, ಅದರ ಕವಚಪೆಟ್ಟಿಗೆಯ ಮುಗ್ಗಲು ವಾಸನೆ ಹೋಗುತ್ತಿಲ್ಲ. ಸೆಂಟು ಹೊಡೆದೆವು, ನುಸಿಗುಳಿಗೆ ಹಾಕಿದೆವು.

ಈಗ ಮೂರು ವಾಸನೆ ಆಗಿರಬೇಕು! ನುಸಿಗುಳಿಗೆಯನ್ನು ಮೊದಲು ತೆಗೆಯಿರಿ. ಅದರ ಹಬೆ ತಿದಿಯ ರಟ್ಟಿಗೂ ಚರ್ಮಕ್ಕೂ ಇಳಿದು, ನುಡಿಸಿದಾಗಲೆಲ್ಲ ಮುಖಕ್ಕೆ ಬಂದು ಬಡಿಯುತ್ತದೆ. ಆರೋಗ್ಯಕ್ಕೂ ಒಳ್ಳೆಯದಲ್ಲ.

ವಾಸನೆ ಇರುವುದು ಗಾಳಿಯಲ್ಲಲ್ಲ, ಒಳಗಿನ ಮಕಮಲ್ಲು, ಅದರ ಹಿಂದಿನ ಅಂಟು ಮತ್ತು ಪ್ಲೈವುಡ್ಡಿನಲ್ಲಿ. ಖಾಲಿ ಪೆಟ್ಟಿಗೆಯನ್ನು ಬೆಳಗಿನ ಬಿಸಿಲಿಗೆ ಬಾಯಿ ತೆರೆದು ದಿನಕ್ಕೆ ಎರಡು ಮೂರು ಗಂಟೆ ಇಡಿ, ಒಂದು ವಾರ. ದಿನವಿಡೀ ಇಟ್ಟರೆ ಹೊರಗಿನ ರೆಕ್ಸಿನ್ ಏಳುತ್ತದೆ. ಆಮೇಲೆ ಬ್ರಷ್, ವ್ಯಾಕ್ಯೂಮ್. ಮಕಮಲ್ಲಿನ ಮೂಲೆಯೊಂದರಲ್ಲಿ ಬಣ್ಣ ಬಿಡುವುದೇ ಎಂದು ನೋಡಿ, 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತೇವ ಮಾಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಕೊನೆಗೆ 250 ಗ್ರಾಂ ಅಡುಗೆಸೋಡಾ ಚಿಮುಕಿಸಿ, ಮುಚ್ಚಿ, ಮರುದಿನ ವ್ಯಾಕ್ಯೂಮ್ ಮಾಡಿ. ಸೋಡಾದ ಒಂದು ಕಣವೂ ಉಳಿಯಬಾರದು, ಉಳಿದರೆ ಅದು ತಿದಿಯ ಮೂಲಕ ರೀಡಿಗೇ ಹೋಗುತ್ತದೆ.

ಇಷ್ಟಕ್ಕೂ ಹೋಗದಿದ್ದರೆ ಮಕಮಲ್ಲಿಗೆ ಮರುಗಬೇಡಿ, ಕಿತ್ತುಹಾಕಿ. ಬರಿಯ ಮರವನ್ನು ಉಪ್ಪುಕಾಗದ ಹಾಕಿ ತಿಕ್ಕಿ, ಅರಗಿನ ಪಾಲಿಶ್ ಎರಡು ಕೈ ಹಚ್ಚಿ. ಅರ್ಧ ಲೀಟರ್ ಪಾಲಿಶ್ ಸ್ಪಿರಿಟ್ಟಿಗೆ 100 ಗ್ರಾಂ ಅರಗಿನ ಚಕ್ಕೆ, ಒಂದು ರಾತ್ರಿ ನೆನೆಯಲಿ. ಪೀಠೋಪಕರಣದ ಆಚಾರಿಗಳಿಗೆ ಗೊತ್ತಿರುವ ಫ್ರೆಂಚ್ ಪಾಲಿಶ್ ಇದೇ. ಹಳೆ ವಾಸನೆಯನ್ನು ಮರದೊಳಗೇ ಮುಚ್ಚಿಡುವುದರಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಒಂದು ವಾರ ತೆರೆದಿಟ್ಟು ಸ್ಪಿರಿಟ್ ವಾಸನೆ ಪೂರ್ತಿ ಹೋದ ಮೇಲೆ ಹೊಸ ಬಟ್ಟೆ ಅಂಟಿಸಿ. ಸೆಲ್ಯುಲಾಯ್ಡಿಗೆ ಸ್ಪಿರಿಟ್ಟಿನ ಹಬೆಯೂ ಒಳ್ಳೆಯದಲ್ಲ, ಅವಸರ ಬೇಡ.

ಮಳೆಗಾಲಕ್ಕೆ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆಚೀಲದಲ್ಲಿ ಕಟ್ಟಿ ಒಳಗಿಡಿ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಕಿತ್ತಳೆ ಬಣ್ಣದ್ದೇ ಮೇಲು. ಬಣ್ಣ ಬದಲಾದಾಗ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಹುರಿದರೆ ಮತ್ತೆ ಹೊಸದರಂತೆ. ಆಟಿಯಲ್ಲಿ (ಮಳೆ ಜೋರಿರುವ ತುಳು ತಿಂಗಳು) ವಾರಕ್ಕೊಮ್ಮೆ ಹುರಿಯಬೇಕಾದೀತು. ಚಿಕ್ಕ ತೇವಾಂಶ ಮಾಪಕವೊಂದನ್ನು ಒಳಗಿಟ್ಟು 60 ಶೇಕಡಾ ಮೀರದಂತೆ ನೋಡಿಕೊಳ್ಳಿ. ಪೆಟ್ಟಿಗೆ ಶುದ್ಧವಾಗುವ ತನಕ ವಾದ್ಯವನ್ನು ಹಳೆ ಹತ್ತಿ ಸೀರೆಯಲ್ಲಿ ಸುತ್ತಿ ಹೊರಗೇ ಇಡಿ.

ಮುಳ್ಳೇರಿಯದಿಂದ: ಯಕ್ಷಗಾನ ಮೇಳದ ಹಾರ್ಮೋನಿಯಂ ಪತ್ತನಾಜೆಗೆ (ಮೇ ಕೊನೆಗೆ ಮೇಳದ ತಿರುಗಾಟ ಮುಗಿಯುವ ದಿನ) ಮೂಲೆ ಸೇರಿದ್ದು ತಿರುಗಾಟಕ್ಕೆ ತೆಗೆದಾಗ ರೀಡುಗಳೆಲ್ಲ ಹಸಿರು. ಎರಡನೆಯ ಕಪ್ಪು ಮನೆ ಒತ್ತದಿದ್ದರೂ ಕೂಗುತ್ತಲೇ ಇರುತ್ತದೆ.

ಹಸಿರು ಎಂದರೆ ಹಿತ್ತಾಳೆಯ ಕಿಲುಬು. ದೇವರ ದೀಪದಂತೆ ಹುಣಸೆಹುಳಿ ಹಾಕಿ ತಿಕ್ಕಿಬಿಟ್ಟರೆ ಹೊಳೆಯುತ್ತದೆ ನಿಜ, ಆದರೆ ಹುಳಿ ರಿವೆಟ್ಟಿನ ಬುಡದಲ್ಲಿ ಉಳಿದು ತಿನ್ನುತ್ತದೆ, ನಾಲಿಗೆ ಸವೆದು ಶ್ರುತಿಯೂ ಕೆಡುತ್ತದೆ. ರೀಡನ್ನು ಸ್ಕ್ರೂ ಬಿಚ್ಚಿ ತೆಗೆದು, ಒಣ ಹಲ್ಲುಜ್ಜುವ ಬ್ರಷ್‌ನಿಂದ ಉದ್ದಕ್ಕೆ ಮಾತ್ರ ಉಜ್ಜಿ. ಕಲೆ ಉಳಿದರೆ ಉಳಿಯಲಿ, ಪುಡಿ ಉಳಿಯಬಾರದು. ಮತ್ತೆ ಕೂರಿಸುವಾಗ ಸ್ಕ್ರೂ ಎರಡನ್ನೂ ಸಮನಾಗಿ ಬಿಗಿಯಿರಿ, ಒಂದು ಸಡಿಲವಾದರೂ ಗುರ್ರೆನ್ನುತ್ತದೆ.

ಒತ್ತದೆ ಕೂಗುವುದು ರೀಡಿನ ತಪ್ಪಲ್ಲ. ಆ ಮನೆಯ ಅಡಿಯ ಚರ್ಮದ ಪ್ಯಾಡು ತೂತನ್ನು ಪೂರ್ತಿ ಮುಚ್ಚುತ್ತಿಲ್ಲ. ಮನೆಯನ್ನು ಮೇಲಿನಿಂದ ಬಿಡಿಸಿ ಪ್ಯಾಡ್ ನೋಡಿ. ನುಸಿ ತಿಂದಿದ್ದರೆ ಹೊಸ ಉಣ್ಣೆಬಟ್ಟೆ ಮತ್ತು ಚರ್ಮ, ತಿನ್ನದಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಮಳೆಗೆ ಮರ ಉಬ್ಬಿ ಪಕ್ಕದ ಮನೆಗೆ ಉಜ್ಜುತ್ತಿದೆ. ಉಬ್ಬಿದ್ದನ್ನು ಮಳೆಗಾಲದಲ್ಲೇ ಹೆರೆಯಬೇಡಿ, ಬೇಸಗೆಯಲ್ಲಿ ಸಂದು ಬಿಡುತ್ತದೆ. ಮುಂದಿನ ಪತ್ತನಾಜೆಗೆ ಇಡುವಾಗ ಗಾಳಿ ಒಳಹೋಗುವ ತೂತುಗಳಿಗೆ ಸೊಳ್ಳೆಪರದೆಯ ತುಂಡು ಹೊಡೆಯಿರಿ, ಜಿರಳೆ ಮೊಟ್ಟೆಯಿಡುವುದು ಅಲ್ಲಿಯೇ.

ಅಕ್ಕಲಕೋಟೆಯಿಂದ: ನಮ್ಮಲ್ಲಿ ಬೂಷ್ಟಿನ ತಕರಾರಿಲ್ಲ. ಮೇ ತಿಂಗಳಲ್ಲಿ ಪತ್ರಾಸಿನ ಮನೆಯಲ್ಲಿಟ್ಟ ಅಕಾರ್ಡಿಯನ್ ಒಳಗೆ ಏನೋ ಗಲಗಲ ಅನ್ನುತ್ತದೆ.

ರೀಡು ಕಳಚಿ ಬಿದ್ದಿದೆ. ಅಲ್ಲಾಡಿಸಬೇಡಿ, ನುಡಿಸಲೂ ಬೇಡಿ. ಉದುರಿದ ತಗಡು ಬೇರೆ ನಾಲಿಗೆಗಳನ್ನು ಮುರಿಯುತ್ತದೆ. ಸೊಲ್ಲಾಪುರ ಸೀಮೆಯ ಬೇಸಗೆ 40 ಡಿಗ್ರಿ ದಾಟಿದಾಗ ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚಿರುತ್ತದೆ. ನೆಲಕ್ಕೆ ಹತ್ತಿರ, ದಪ್ಪ ಗೋಡೆಯ ಒಳಕೋಣೆಯಲ್ಲಿ ಇಡಿ. ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯೂ ಬೇಡ.

ಬೇಳದಿಂದ: ಅಕಾರ್ಡಿಯನ್ ರಿಪೇರಿ ಮಾಡಿಸಿದ ಮೇಲೂ ಒಂದೇ ಮನೆ ಒತ್ತಿದರೆ ಸ್ವರ ನಡುಗುತ್ತದೆ. ಶ್ರುತಿ ಮಾಡಿದವರು ಮೋಸ ಮಾಡಿದರೇ?

ಮಾಡಿಲ್ಲ. ಮೇಲಿನ ಸ್ವಿಚ್ಚುಗಳಲ್ಲಿ ಒಂದೇ ಸಾಲಿನ ರೀಡು ನುಡಿಯುವುದನ್ನು ಒತ್ತಿ ನೋಡಿ, ನಡುಕ ನಿಂತರೆ ವಾದ್ಯ ಸರಿಯಿದೆ. ಎರಡು ಸಾಲುಗಳನ್ನು ಬೇಕೆಂದೇ ತುಸು ಹೆಚ್ಚುಕಡಿಮೆ ಶ್ರುತಿ ಮಾಡಿರುತ್ತಾರೆ. 440 ಹರ್ಟ್ಸ್‌ನ ಸ್ವರಕ್ಕೆ 15 ಸೆಂಟ್ (ಪಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ವ್ಯತ್ಯಾಸವಿಟ್ಟರೆ ಸೆಕೆಂಡಿಗೆ ಸುಮಾರು ನಾಲ್ಕು ಅಲೆ ಕೇಳುತ್ತದೆ. ಭಜನೆಗೆ, ಕೀರ್ತನೆಗೆ ಅಲೆ ಬೇಡವೆನಿಸಿದರೆ ಒಂಟಿ ಸಾಲಿನ ಸ್ವಿಚ್ಚಿನಲ್ಲೇ ನುಡಿಸಿ. ಒಂಟಿ ಸಾಲಿನಲ್ಲೂ ನಡುಗಿದರೆ ಮಾತ್ರ ವಾದ್ಯವನ್ನು ವಾಪಸು ಕೊಂಡೊಯ್ಯಿರಿ. ಆಗ ಯಾವ ಮನೆ, ಯಾವ ಸ್ವಿಚ್ಚು, ತಳ್ಳುವಾಗಲೋ ಎಳೆಯುವಾಗಲೋ ಎಂದು ಚೀಟಿಯಲ್ಲಿ ಬರೆದು ಕೊಡಿ.